ಪಾಕ ಆರುವಷ್ಟು ದೂರ

ಕುಬಿಹಾಳದ ಭಾಗ್ಯಾ ಎಷ್ಟು ದೂರದ ಗಿರಾಕಿಗೆ ಹೋಗುತ್ತಾಳೆ ಎಂಬುದನ್ನು ಕಿಲೋಮೀಟರಿನಲ್ಲಿ ಹೇಳಲು ಬರುತ್ತಿರಲಿಲ್ಲ. ಅವಳ ಸ್ಕೂಟಿಯ ಮೀಟರು ಮೂರು ವರ್ಷದ ಹಿಂದೆಯೇ ನಿಂತುಹೋಗಿತ್ತು, ಅದೊಂದು ಕಾರಣ. ದೊಡ್ಡ ಕಾರಣವೆಂದರೆ ಅವಳ ದೂರ ಇದ್ದದ್ದು ಒಂದು ಸ್ಟೀಲಿನ ಡಬ್ಬಿಯಲ್ಲಿ ಮತ್ತು ಅದಕ್ಕೆ ಸುತ್ತಿದ ಕರಿಕಂಬಳಿಯಲ್ಲಿ.

ಊರಲ್ಲಿ ಅವಳನ್ನು ಪಾರ್ಲರ್ ಭಾಗ್ಯಾ ಎನ್ನುತ್ತಾರೆ. ಪಾರ್ಲರ್ ಎಂಬುದು ಎಲ್ಲಿಯೂ ಇರಲಿಲ್ಲ. ಅದು ಸ್ಕೂಟಿಯ ಸೀಟಿನ ಕೆಳಗಿತ್ತು. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಮೊದಲ ನಾಲ್ಕು ತಿಂಗಳು ಉದುರಿದ ಕೂದಲು ಗುಡಿಸಿ, ಮುಂದಿನ ನಾಲ್ಕು ತಿಂಗಳು ದಾರದಿಂದ ಹುಬ್ಬು ತೀಡುವುದನ್ನು ಕಲಿತು, ಆಮೇಲೆ ಅಂಗಡಿಯವಳ ಬಾಯಿಗೆ ಬೇಸತ್ತು ಊರಿಗೆ ಬಂದಳು. ಮನೆ ಮನೆಗೆ ಹೋಗಿ ಹುಬ್ಬು, ಮುಖ, ಮೆಹಂದಿ, ಮದುಮಗಳ ಸಿಂಗಾರ ಎಲ್ಲ ಮಾಡುತ್ತಾಳೆ. ಇವೆಲ್ಲವನ್ನೂ ಎಲ್ಲಿ ಬೇಕಾದರೂ ಮಾಡಬಹುದು. ತಕರಾರು ಇದ್ದದ್ದು ಕೈಕಾಲಿನ ಕೂದಲು ತೆಗೆಯುವುದರಲ್ಲಿ.

ಅದಕ್ಕೆ ಬೇಕಾದದ್ದು ಸಕ್ಕರೆ ಪಾಕ. ಸಕ್ಕರೆಗೆ ನಿಂಬೆಹಣ್ಣು ಹಿಂಡಿ, ಒಂದಿಷ್ಟು ನೀರು ಹಾಕಿ, ಜೇನಿನ ಬಣ್ಣ ಬರುವ ತನಕ ಕುದಿಸಬೇಕು. ಬಿಸಿಯಿರುವಾಗ ಹದ ನೋಡಿ ಕೈಗೆ ಸವರಿ, ಮೇಲೆ ಬಟ್ಟೆಯ ಪಟ್ಟಿ ಒತ್ತಿ ಸರ್ರನೆ ಎಳೆದರೆ ಕೂದಲು ಬೇರುಸಹಿತ ಬರುತ್ತದೆ. ಜೊತೆಗೆ ಆ ಹೆಣ್ಣುಮಗಳ ಬಾಯಿಂದ ಗಂಡನ ಮನೆಯವರ ಬಗ್ಗೆ ಅಷ್ಟು ದಿನ ತಡೆದಿಟ್ಟುಕೊಂಡ ಒಂದು ಮಾತೂ ಬರುತ್ತದೆ. ಪಾಕ ಆರಿತೆಂದರೆ ಮುಗಿಯಿತು, ಗಾಜಿನಷ್ಟು ಗಟ್ಟಿ. ಪೇಟೆಯವರು ಕಾಯಿಸಲಿಕ್ಕೆ ಕರೆಂಟಿನ ಡಬ್ಬಿ ಇಟ್ಟುಕೊಂಡಿರುತ್ತಾರೆ. ಭಾಗ್ಯಾಳೂ ಒಂದು ಕೊಂಡಿದ್ದಳು. ಆದರೆ ಹಳ್ಳಿಯಲ್ಲಿ ಹೆಂಗಸರಿಗೆ ಪುರಸೊತ್ತಾಗುವ ಹೊತ್ತಿಗೆ ಕರೆಂಟು ಹೋಗಿರುತ್ತದೆ. ಕರೆಂಟು ಬರುವ ಹೊತ್ತಿಗೆ ಹೆಂಗಸರು ಹೊಲದಲ್ಲಿರುತ್ತಾರೆ. ಆ ಡಬ್ಬಿಯಲ್ಲಿ ಈಗ ಅವಳ ಅತ್ತೆ ಕೆಂಚವ್ವ ಎಲೆ ಅಡಿಕೆ ಇಡುತ್ತಾಳೆ.

ಗಿರಾಕಿಯ ಮನೆಯ ಒಲೆಯ ಮೇಲೆ ಕಾಯಿಸಿದರಾಯಿತಲ್ಲ? ಅದನ್ನೂ ಕೇಳಿ ನೋಡಿದ್ದಳು, ತನ್ನದೇ ಊರಲ್ಲಿ, ಕಟ್ಟೆಯ ಎದುರಿಗಿನ ಲಕ್ಷ್ಮಪ್ಪನ ಮನೆಯಲ್ಲಿ. ಲಕ್ಷ್ಮಪ್ಪನ ಹೆಂಡತಿ ರೇವವ್ವ ಕಣ್ಣು ದೊಡ್ಡದು ಮಾಡಿದಳು.

“ಕೂದಲಾ ಕೀಳೂ ಪಾಕ ನಮ್ಮ ಒಲಿ ಮ್ಯಾಲೆ? ದೇವರ ಜಗಲಿ ಬಾಜೂಕ ಐತಿ ನಮ್ಮ ಒಲಿ. ಹಿತ್ತಲದಾಗ ಮೂರು ಕಲ್ಲ ಹೂಡ್ಕೊ ಹೋಗ.”

ಭಾಗ್ಯಾ ತಿಪ್ಪೆಯ ಪಕ್ಕದಲ್ಲಿ ಮೂರು ಕಲ್ಲು ಹೂಡಿ, ಹಸಿ ಹತ್ತಿಕಟ್ಟಿಗೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡಳು. ಮಡಿ ಇದ್ದದ್ದು ಕೂದಲಿಗೋ, ಕುರಿಯವರ ಮನೆಯ ಸೊಸೆಗೋ ಎಂದು ಅವಳು ಕೇಳಲಿಲ್ಲ, ರೇವವ್ವ ಹೇಳಲಿಲ್ಲ, ಇಬ್ಬರಿಗೂ ಗೊತ್ತಿತ್ತು. ಆ ಮನೆಯವರು ರಾತ್ರಿ ಹೊದೆಯುತ್ತಿದ್ದ ಕಂಬಳಿಯ ಉಣ್ಣೆ ಕೆಂಚವ್ವ ನೂತದ್ದು, ಅದಕ್ಕೆ ಯಾವ ಮಡಿಯೂ ಅಡ್ಡ ಬರುತ್ತಿರಲಿಲ್ಲ. ಅವತ್ತಿನಿಂದ ಭಾಗ್ಯಾ ಯಾರ ಒಲೆಯನ್ನೂ ಕೇಳಬಾರದೆಂದು ಗಟ್ಟಿ ಮಾಡಿಕೊಂಡಳು.

ಕಂಬಳಿಯ ಯುಕ್ತಿ ಕೆಂಚವ್ವನದೇ. “ಕುರಿ ಹಿಂದ ಹೋದಾಗ ನಾವು ಬಿಸಿ ಗಂಜಿ ಹೆಂಗ ಒಯ್ತಿದ್ವಿ ಅಂದ್ಕೊಂಡಿ?” ಎಂದು ಮುದುಕಿ ಒಂದು ಹಳೆಯ ಕಂಬಳಿ ಮಡಿಸಿ, ನಡುವೆ ಹುರಿದ ಜೋಳದ ಹೊಟ್ಟು ತುಂಬಿ, ಡಬ್ಬಿಯನ್ನು ಕೂಸಿನ ಹಾಗೆ ಸುತ್ತಿ ಕೊಟ್ಟಳು. ಬೇಸಿಗೆಯಲ್ಲಿ ಈ ಕಂಬಳಿ ಹುಬ್ಬಳ್ಳಿಯ ಆಚೆಗೂ ಬಿಸಿ ಹಿಡಿಯುತ್ತಿತ್ತು. ಮಳೆಗಾಲದಲ್ಲಿ ಎರೆಮಣ್ಣು ಗಾಲಿಗೆ ಮೆತ್ತಿ ಸ್ಕೂಟಿ ಎಮ್ಮೆಯಂತೆ ಕುಂತುಬಿಡುವುದರಿಂದ ಕುಂದಗೋಳ ಮುಟ್ಟಿದರೆ ಹೆಚ್ಚು. ಚಳಿಗಾಲದಲ್ಲಿ ಎಲ್ಲಿಯ ತನಕ ಎಂಬುದು ಇನ್ನೂ ಗೊತ್ತಾಗಿರಲಿಲ್ಲ.

ಇದು ಅವಳ ಅಳತೆ. ಊರಿನ ಅಳತೆ ಬೇರೆ ಇತ್ತು. ಹೆಣ್ಣುಮಗಳು ಎಷ್ಟು ದೂರ ಹೋಗಬೇಕು ಎಂಬುದು ಕಟ್ಟೆಯ ಮೇಲೆ ಚರ್ಚೆಯಾಗಬೇಕಾದ ವಿಷಯವೆಂದು ಕಟ್ಟೆ ತಾನೇ ತೀರ್ಮಾನಿಸಿತ್ತು. ಕಟ್ಟೆಯೆಂದರೆ ಮುಖ್ಯವಾಗಿ ಲಕ್ಷ್ಮಪ್ಪ. ಅವನು ತನ್ನ ಹೊಲಕ್ಕೇ ಹೋಗಿ ಎರಡು ವರ್ಷವಾಗಿತ್ತು, ಹಾಗಾಗಿ ದೂರದ ಬಗ್ಗೆ ಅವನ ವಿಚಾರಗಳು ಬಹಳ ಸ್ಪಷ್ಟವಾಗಿದ್ದವು.

“ತಾಲೂಕ ದಾಟಬಾರದಪ. ತಾಲೂಕಿನ ಒಳಗ ಏನಾರ ಆದ್ರ ನಾವು ಅದೀವಿ. ತಾಲೂಕ ದಾಟಿದ್ರ ಯಾರ ಹೊಣಿ?” ಎಂದು ಅವನು ಭಾಗ್ಯಾಳ ಗಂಡ ಹನುಮೇಶನಿಗೆ ದಿನಾ ಹೇಳುತ್ತಿದ್ದ. ತಾಲೂಕಿನ ಒಳಗೆ ಏನಾದರೂ ಆದರೆ ಲಕ್ಷ್ಮಪ್ಪ ಕಟ್ಟೆಯಿಂದ ಏಳುತ್ತಾನೆಂದು ನಂಬುವ ಒಬ್ಬನೂ ಊರಲ್ಲಿರಲಿಲ್ಲ. ಆದರೂ ಹನುಮೇಶ ಆ ಮಾತನ್ನು ಮನೆಗೆ ಹೊತ್ತು ತರುತ್ತಿದ್ದ.

ಹನುಮೇಶ ಕೆಟ್ಟವನಲ್ಲ. ಕುರಿ ವ್ಯಾಪಾರ ಮಾಡುತ್ತಾನೆ, ಕುಡಿಯುವುದಿಲ್ಲ, ಬಡಿಯುವುದಿಲ್ಲ. ಅವನ ಒಂದೇ ದೌರ್ಬಲ್ಯವೆಂದರೆ ಮಧ್ಯಾಹ್ನ ಒಂದು ಗಂಟೆಗೆ ಬಿಸಿ ರೊಟ್ಟಿ ತಾಟಿನಲ್ಲಿರಬೇಕು. ಹೆಂಡತಿ ಹತ್ತಿರದ ಊರಿಗೆ ಹೋದರೆ ರೊಟ್ಟಿ ಒಂದಕ್ಕೆ ಬರುತ್ತದೆ, ಹುಬ್ಬಳ್ಳಿಯ ಕಡೆ ಹೋದರೆ ಮೂರಕ್ಕೆ. ಅವನ ಲೆಕ್ಕದಲ್ಲಿ ಜಗತ್ತಿನ ದೂರವೆಲ್ಲ ರೊಟ್ಟಿಯ ದೂರ. ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಗಿ ಜನ ಏನಂತಾರೆ, ಕಾಲ ಕೆಟ್ಟೈತಿ, ಹಾದಿ ಚಲೋ ಇಲ್ಲ ಎನ್ನುತ್ತಿದ್ದ.

ಕೆಂಚವ್ವ ಮಾತ್ರ ನಗುತ್ತಿದ್ದಳು. ಅವಳು ಹರೆಯದಲ್ಲಿ ಕುರಿ ಹಿಂಡಿನ ಹಿಂದೆ ಅಳ್ನಾವರದ ಕಾಡಿನ ಅಂಚಿನ ತನಕ ನಡೆದವಳು. ಬಗಲಲ್ಲಿ ಹನುಮೇಶನನ್ನೇ ಕಟ್ಟಿಕೊಂಡು ನಡೆದವಳು.

“ನಿನ್ನ ಹೊತಗೊಂಡು ಅಳ್ನಾವರಕ್ಕ ನಡದೇನೋ ಮಗನ. ಆವಾಗ ಯಾವ ಕಟ್ಟಿ ನನ್ನ ಕೇಳಿತ್ತು? ಕುರಿ ಕಾಯಾಕ ಹೋದ್ರ ದೂರ ಇಲ್ಲ, ಹುಬ್ಬ ತೀಡಾಕ ಹೋದ್ರ ದೂರ!”

“ಯವ್ವಾ, ಅದು ಬ್ಯಾರೆ.”

“ಏನ ಬ್ಯಾರೆ? ಅದೂ ಕೂದಲಾ ಕತ್ತರಸೂದ, ಇದೂ ಕೂದಲಾ ತಗಿಯೂದ.”

ಜನವರಿಯ ಮೊದಲ ವಾರ ಯಮನೂರಿನಿಂದ ಮಹಾನಂದಾ ಫೋನು ಮಾಡಿದಳು. ಅವಳು ಮೊದಲು ಕುಂದಗೋಳದಲ್ಲಿ ಶಾಲೆಯ ಮಾಸ್ತರಿಣಿಯಾಗಿದ್ದಳು, ತಿಂಗಳಿಗೊಮ್ಮೆ ಭಾಗ್ಯಾಳ ಕೈಯಲ್ಲಿ ಹುಬ್ಬು ತೀಡಿಸಿಕೊಳ್ಳುತ್ತಿದ್ದಳು. ಈಗ ಮದುವೆಯಾಗಿ ಯಮನೂರಿನ ದೊಡ್ಡ ಹೊಲಮನೆಯವರ ಸೊಸೆ.

“ಭಾಗ್ಯಾ, ನಮ್ಮ ನಾದಿನಿದು ಸಕ್ರಿ ಕಾರ್ಯ ಐತಿ ಸೋಮವಾರ. ಮಂದಿ ಭಾಳ ಬರ್ತಾರ. ನಮ್ಮ ನಾದಿನಿ, ನಾನು, ಇನ್ನ ಮೂರು ಹೆಣಮಕ್ಕಳು. ನಿನ್ನ ಕೈಯಾಗ ಆಗಬೇಕು. ಈ ಮನಿ ಒಪ್ಪಿತಂದ್ರ ನವಲಗುಂದ ಸೀಮಿಯಾಗಿನ ಮನಿ ಎಲ್ಲ ನಿನಗ ಫೋನ ಮಾಡ್ತಾವ.”

ಹೆಣ್ಣು ಗಂಡಿನ ಮಾತು ಗಟ್ಟಿಯಾದ ಮೇಲೆ ಎರಡೂ ಕಡೆಯ ಹಿರಿಯರು ಒಬ್ಬರ ಬಾಯಿಗೊಬ್ಬರು ಸಕ್ಕರೆ ಹಾಕಿ, ಬಂದವರಿಗೆಲ್ಲ ಸಕ್ಕರೆ ಹಂಚುವ ಕಾರ್ಯ ಅದು. ಭಾಗ್ಯಾ ಹ್ಞೂಂ ಅಂದಳು. ಅಂದ ಮೇಲೆ ಯಮನೂರು ಎಲ್ಲಿದೆಯೆಂದು ನೆನೆದಳು. ಕುಂದಗೋಳ, ಹುಬ್ಬಳ್ಳಿ ದಾಟಿ, ನವಲಗುಂದದ ಹಾದಿ ಹಿಡಿದು, ಬಯಲಿನಲ್ಲಿ ಮುಖಕ್ಕೆ ಬಡಿಯುವ ಚಳಿಗಾಳಿಯಲ್ಲಿ ಎರಡು ತಾಸು. ಎರಡು ತಾಸಿಗೆ ಕಂಬಳಿ ತಡೆಯುತ್ತದೆಯೇ?

ಹನುಮೇಶ ಕಟ್ಟೆಯಿಂದ ಉತ್ತರ ತಂದ. ತಡೆಯುವುದಿಲ್ಲವಂತೆ. ಲಕ್ಷ್ಮಪ್ಪ ಹೇಳಿದನಂತೆ.

“ಪಂದ್ಯ ಕಟ್ರಿ ಹಂಗಾರ,” ಎಂದಳು ಭಾಗ್ಯಾ.

“ಕಟ್ಟತೇನಿ. ಯಮನೂರ ಮುಟ್ಟೂದ್ರಾಗ ಪಾಕ ಗಟ್ಟಿ ಆಗಿತ್ತಂದ್ರ ಇನ್ನ ಮುಂದ ತಾಲೂಕ ದಾಟಂಗಿಲ್ಲ. ಸುಮ್ನ ನಾ ಹೇಳಿದಷ್ಟ ದೂರ.”

“ಬಿಸಿ ಇತ್ತಂದ್ರ?”

“ಬಿಸಿ ಇತ್ತಂದ್ರ ಎಲ್ಲಿಗೆ ಹೋಗ್ತಿ ಅಂತ ನಾ ಕೇಳೂದಿಲ್ಲ.”

“ಅಷ್ಟಕ್ಕ ಸಾಲೂದಿಲ್ರಿ. ನಾ ದೂರ ಹೋದ ದಿನ ಒಲಿ ನಿಮ್ಮದು. ರೊಟ್ಟಿ ನೀವ ಬಡೀಬೇಕು.”

ಹನುಮೇಶ ಲಕ್ಷ್ಮಪ್ಪನ ಮೇಲೆ ಭಾರ ಹಾಕಿ ಒಪ್ಪಿದ. ಸಾಕ್ಷಿಗೆ ತಾನೇ ಬರುತ್ತೇನೆಂದ. ಹೀಗಾಗಿ ಸೋಮವಾರ ಬೆಳಗ್ಗೆ ಹೊತ್ತು ಮೂಡುವಾಗ ಭಾಗ್ಯಾ ಸ್ಕೂಟಿ ಹಿಡಿದಿದ್ದಳು, ಹಿಂದೆ ಹನುಮೇಶ ಕೂತಿದ್ದ, ಅವನ ತೊಡೆಯ ಮೇಲೆ ಕಂಬಳಿ ಸುತ್ತಿದ ಡಬ್ಬಿ ಇತ್ತು. ಕೆಂಚವ್ವ ಹೊಟ್ಟನ್ನು ಎರಡು ಸಲ ಹುರಿದು ತುಂಬಿದ್ದಳು. ಸ್ಕೂಟಿ ಹೊರಡುವಾಗ ಕಂಬಳಿಯ ತುದಿ ಎಳೆದು ಮುಚ್ಚಿ, “ಗಾಳಿ ತಾಕಿಸಬ್ಯಾಡಪ,” ಎಂದು ಮಗನಿಗೆ ಹೇಳಿದಳು. ನೋಡಿದವರಿಗೆ ಅದು ಮೊಮ್ಮಗುವನ್ನು ಕಳಿಸುವ ಅಜ್ಜಿಯ ಹಾಗೇ ಕಂಡಿತು.

ಕುಂದಗೋಳ ದಾಟುವ ತನಕ ಹನುಮೇಶ ಆರಾಮಾಗಿದ್ದ. ಹುಬ್ಬಳ್ಳಿ ಬರುವ ಹೊತ್ತಿಗೆ ಅವನ ತೊಡೆ ಸುಡಲು ಶುರುವಾಯಿತು. ಹೇಳಿದರೆ ಪಂದ್ಯ ಸೋತಂತೆ, ಹೇಳದಿದ್ದರೆ ತೊಡೆ ಬೆಂದಂತೆ. ಡಬ್ಬಿಯನ್ನು ಎಡತೊಡೆಯಿಂದ ಬಲತೊಡೆಗೆ, ಬಲತೊಡೆಯಿಂದ ಎಡತೊಡೆಗೆ ದಾಟಿಸುತ್ತ ಕೂತ.

“ಯಾಕ್ರಿ ಅಲಗ್ಯಾಡತೀರಿ? ಗಾಡಿ ಜೋಲಿ ಹೊಡೀತೈತಿ,” ಎಂದಳು ಭಾಗ್ಯಾ.

“ಚಳಿ,” ಎಂದ ಹನುಮೇಶ.

ನವಲಗುಂದದ ಹಾದಿಯಲ್ಲಿ ಅರ್ಧ ದೂರ ಹೋಗಿರಲಿಲ್ಲ, ಮುಂದೆ ಲಾರಿಗಳ ಸಾಲು ನಿಂತಿತ್ತು. ರಸ್ತೆಯ ನಡುವೆ ಜಮಖಾನೆ ಹಾಸಿ ಐವತ್ತು ಅರವತ್ತು ಜನ ಕೂತಿದ್ದರು, ಒಂದು ಎತ್ತಿನ ಚಕ್ಕಡಿ ಅಡ್ಡ ನಿಂತಿತ್ತು, ಒಂದು ಮೈಕು ಕೆಮ್ಮುತ್ತಿತ್ತು. ಕಡಲೆ ಖರೀದಿ ಕೇಂದ್ರ ತೆರೆಯಬೇಕೆಂದು ರಸ್ತಾ ರೋಕೋ. ಆ ಹಾದಿಯಲ್ಲಿ ಇದು ಹೊಸದಲ್ಲ. ಲಾರಿಯವರು ಒಲೆ ಹಚ್ಚಿ ಚಹಾಕ್ಕೆ ಇಟ್ಟಾಗಿತ್ತು.

ಹಸಿರು ಟಾವೆಲ್ಲು ಹೆಗಲಿಗೆ ಹಾಕಿಕೊಂಡ ಅಬ್ದುಲ್‌ಸಾಬ ಎಂಬ ಮುಖಂಡ ಕೈ ಅಡ್ಡ ಹಿಡಿದ. “ಮಂತ್ರಿ ಬಂದ್ರೂ ಬಿಡಂಗಿಲ್ಲರಿ. ಗಾಡಿ ಬಾಜೂಕ ಹಾಕ್ರಿ.”

ಬದುಕಿನಲ್ಲಿ ಮೊದಲ ಬಾರಿಗೆ ಹನುಮೇಶನಿಗೆ ರೈತ ಹೋರಾಟದ ಮೇಲೆ ಅಪಾರ ಪ್ರೀತಿ ಹುಟ್ಟಿತು. “ಬಿಡಬ್ಯಾಡ್ರಿ ಕಾಕಾ! ನಿಮ್ಮ ಬೇಡಿಕಿ ಅಗದಿ ನ್ಯಾಯದ್ದೈತಿ. ಸಂಜಿ ತನಕ ಕುಂಡ್ರೋಣು. ನಾನೂ ಕುಂಡ್ರತೇನಿ.”

ಭಾಗ್ಯಾ ಪಕ್ಕದಲ್ಲಿ ಕಾಲುಹಾದಿ ಏನಾದರೂ ಇದೆಯೇ ಎಂದು ಕತ್ತು ಚಾಚಿ ನೋಡಿದಳು. ಆದರೆ ಅಷ್ಟರಲ್ಲಿ ಜಮಖಾನೆಯ ಮೇಲಿದ್ದ ಹಿರಿಯ ಹೆಣ್ಣುಮಗಳೊಬ್ಬಳು ಎದ್ದು ಬಂದಳು. ಅವಳ ಕಣ್ಣು ಕಂಬಳಿಯ ಮೇಲಿತ್ತು.

“ಕೂಸು ಹೊರಗ ತಂದೀರಲ್ಲ ಈ ಗಾಳ್ಯಾಗ! ಎಷ್ಟ ತಿಂಗಳದ್ದೋ ಯಪ್ಪಾ?” ಎನ್ನುತ್ತ ಕಂಬಳಿಯೊಳಗೆ ಕೈ ಇಟ್ಟಳು. ಇಟ್ಟವಳೇ ಕೈ ಎಳೆದುಕೊಂಡಳು. “ಅಯ್ಯಯ್ಯ! ಮೈ ಕೆಂಡ ಆಗೇತಲ್ಲೋ! ಅಬ್ದುಲಣ್ಣಾ, ಕೂಸಿಗೆ ಜ್ವರ ಸುಡಾಕತ್ತಾವು. ಚಕ್ಕಡಿ ಸರಸ್ರೋ! ದವಾಖಾನಿಗಿ ಹೊಂಟಾರ ಇವರು!”

“ಅದು ಕೂಸಲ್ಲಬೇ…” ಎಂದು ಹನುಮೇಶ ಬಾಯಿ ತೆಗೆದ.

“ಕೂಸಲ್ಲದ ಮತ್ತೇನು, ಬುತ್ತಿ ಗಂಟೇನು? ಸಂಜಿ ತನಕ ಕುಂಡ್ರತಾನಂತ! ಎಂಥಾ ತಂದಿಯೋ ನೀನು!” ಎಂದು ಅವಳು ಅವನ ಬೆನ್ನಿಗೆ ಗುದ್ದಿದಳು. ಐವತ್ತು ಜನ ಎದ್ದರು, ಚಕ್ಕಡಿ ಸರಿಯಿತು, ಭಾಗ್ಯಾ ಕಣ್ಣಲ್ಲಿ ನೀರು ತಂದುಕೊಂಡು ಕೈಮುಗಿದಳು. ನಗು ತಡೆದದ್ದಕ್ಕೆ ಬಂದ ನೀರು ಅದು. ಹಿಂದಿನಿಂದ ಅಬ್ದುಲ್‌ಸಾಬ ಮೈಕಿನಲ್ಲಿ ಕೂಗುತ್ತಿದ್ದ: “ಲಗೂ ಹೋಗ್ರಿ! ಕೂಸು ಮೊದಲ, ಕಡಲಿ ಆಮ್ಯಾಲೆ!”

ಯಮನೂರಿನ ಮನೆಯ ಮುಂದೆ ಚಪ್ಪರ ಹಾಕಿದ್ದರು. ಮಹಾನಂದಾ ಓಡಿ ಬಂದು ಭಾಗ್ಯಾಳ ಕೈ ಹಿಡಿದು ಒಳಗೆ ಎಳೆದಳು: “ಮೊದಲ ನಮ್ಮ ನಾದಿನಿ ಹುಬ್ಬ ನೋಡವಾ, ಒಂದು ಮ್ಯಾಲೆ ಒಂದು ಕೆಳಗ ಅದಾವು.” ಭಾಗ್ಯಾ ಗಂಡನ ಕಡೆ ತಿರುಗಿ, “ಡಬ್ಬಿ ಬಿಚ್ಚಬ್ಯಾಡ್ರಿ. ನಾ ಬಂದ ಮ್ಯಾಲೆ ಇಬ್ಬರೂ ಕೂಡಿ ನೋಡೂಣು,” ಎಂದು ಒಳಗೆ ಹೋದಳು. ಹನುಮೇಶ ಗಂಟನ್ನು ಪಡಸಾಲೆಯ ಕಟ್ಟೆಯ ಮೇಲಿಟ್ಟು, ಕಾಲಗಲ ಮಾಡಿಕೊಂಡು ನಡೆಯುತ್ತ, ಬೆಂದ ತೊಡೆಗೆ ತಣ್ಣೀರು ಹಾಕಿಕೊಳ್ಳಲು ಹಿತ್ತಲಿಗೆ ಹೋದ.

ಪಡಸಾಲೆಯಲ್ಲಿ ಮನೆಯ ಹಿರಿಯ ಈರಪ್ಪ ಕೂತಿದ್ದ. ಎಪ್ಪತ್ತೆಂಟು ವರ್ಷ, ಹಣೆತುಂಬ ವಿಭೂತಿ, ಬಾಯಿತುಂಬ ಹುಬ್ಬಳ್ಳಿಯಲ್ಲಿ ಕಟ್ಟಿಸಿದ ಹಲ್ಲಿನ ಸೆಟ್ಟು. ಪೂಜೆ ಈಗಷ್ಟೇ ಮುಗಿದು ತಾಟಿಗೆ ರೊಟ್ಟಿ ಬಂದಿತ್ತು, ಪಲ್ಯ ಇನ್ನೂ ಬಂದಿರಲಿಲ್ಲ. ಕಾರ್ಯದ ಮನೆಯಲ್ಲಿ ಮುದುಕನ ಪಲ್ಯದ ನೆನಪು ಯಾರಿಗಿರುತ್ತದೆ? ಅಷ್ಟರಲ್ಲಿ ಮೂಗಿಗೆ ಸಕ್ಕರೆಯ ವಾಸನೆ ಬಡಿಯಿತು, ಜೊತೆಗೆ ನಿಂಬೆಹಣ್ಣಿನದು. ಕಟ್ಟೆಯ ಮೇಲೆ ಕುರಿಯವರ ಕಂಬಳಿ. ಸಕ್ರಿ ಕಾರ್ಯದ ದಿನ, ಹೊರಗಿನಿಂದ ಬಂದವರು, ಕಂಬಳಿಯಲ್ಲಿ ಜೋಪಾನವಾಗಿ ಸುತ್ತಿ ತಂದ ಡಬ್ಬಿ! ಈರಪ್ಪ ಬಿಚ್ಚಿ ನೋಡಿದ. ಜೇನಿನ ಬಣ್ಣ, ಮೇಲೆ ಆವಿ. ಬಯಲಲ್ಲಿ ಕುರಿ ಮೇಯಿಸುವವರು ತಂದ ಜೇನುತುಪ್ಪವೆಂದು ಅವನ ಅನುಭವ ಹೇಳಿತು. ರೊಟ್ಟಿ ಮುರಿದು, ದೊಡ್ಡ ತುತ್ತು ಮಾಡಿ, ಅದ್ದಿ ಅದ್ದಿ ನಾಲ್ಕು ಸಲ ಅದ್ದಿ ಬಾಯಿಗಿಟ್ಟ. ಕಚ್ಚಿದ. ಬಾಯಿ ಮತ್ತೆ ತೆರೆಯಲಿಲ್ಲ.

ಗಾಬರಿಯಲ್ಲಿ ಕೈ ಒದರಿದಾಗ ಡಬ್ಬಿ ಉರುಳಿತು. ಪಾಕ ಕಟ್ಟೆಯ ತಣ್ಣನೆಯ ಕಡಪಾಕಲ್ಲಿನ ಮೇಲೆ ಹರಡಿಕೊಂಡಿತು.

ಮೊದಲು ನೋಡಿದ್ದು ಅವನ ಹೆಂಡತಿ ಶಿವಗಂಗವ್ವ. ಗಂಡ ಕಣ್ಣು ಅರಳಿಸಿ, ಕೈ ಬೀಸುತ್ತ, “ಊಂ… ಊಂ…” ಎನ್ನುತ್ತಿದ್ದ.

“ಲಕ್ವಾ ಹೊಡೀತು! ಎವ್ವಾ, ಇವರಿಗೆ ಲಕ್ವಾ ಹೊಡೀತು!”

ಪಾರ್ಶ್ವವಾಯುವೆಂದು ಮನೆಯೆಲ್ಲ ಓಡಿ ಬಂತು. ಒಬ್ಬರು ಈರುಳ್ಳಿ ಮೂಗಿಗೆ ಹಿಡಿದರು, ಒಬ್ಬರು ಅಂಗಾಲು ತಿಕ್ಕಿದರು. ಗಂಡಿನವರ ಜೀಪು ಹೊರಟು ಅರ್ಧ ತಾಸಾಯಿತೆಂದು ಫೋನು ಬಂತು. ಮಾತು ಗಟ್ಟಿ ಮಾಡಿ ಒಪ್ಪಿಗೆ ಹೇಳಬೇಕಾದ ಹಿರಿಯನ ಬಾಯಿಯೇ ಮುಚ್ಚಿಹೋದರೆ ಕಾರ್ಯ ಹೇಗೆ ನಡೆಯಬೇಕು? ಮಹಾನಂದಾ ಅಳಲು ಶುರು ಮಾಡಿದಳು. ಭಾಗ್ಯಾ ಮಾತ್ರ ಕಟ್ಟೆಯ ಮೇಲೆ ಬಿಚ್ಚಿಬಿದ್ದ ಕಂಬಳಿ ನೋಡಿದಳು, ಆಮೇಲೆ ಮುದುಕನ ಮೀಸೆಗೆ ಜೋತಾಡುತ್ತಿದ್ದ ಹೊಂಬಣ್ಣದ ಎಳೆ ನೋಡಿದಳು.

“ಲಕ್ವಾ ಅಲ್ರಿ ಅವ್ವಾರ. ಬಿಸಿನೀರು ತರ್ರಿ, ಒಂದು ಬಟ್ಟಿ, ಒಂದು ಜೂಸ್ ಕುಡಿಯೂ ನಳಿಗಿ.”

ಹಿತ್ತಲಿನಿಂದ ಬಂದ ಹನುಮೇಶನಿಗೆ ಮುದುಕ ಕಾಣಲೇ ಇಲ್ಲ. ಕಂಡದ್ದು ಕಲ್ಲಿನ ಮೇಲಿನ ಪಾಕ. ಬೆರಳಲ್ಲಿ ಕುಟ್ಟಿದ. ಟಣ್ ಎಂದಿತು.

“ಗಟ್ಟಿ! ಭಾಗ್ಯಾ, ಗಟ್ಟಿ ಆಗೇತಿ ನೋಡ! ಗೆದ್ದೆ ನಾನು!”

ಸಾಯುತ್ತಿರುವ ಮನುಷ್ಯನ ಪಕ್ಕದಲ್ಲಿ ಗೆದ್ದೆ ಎಂದು ಕುಣಿಯುವವನನ್ನು ಆ ಮನೆಯವರು ಅದೇ ಮೊದಲ ಸಲ ನೋಡಿದ್ದು.

“ಥಣ್ಣನ ಕಲ್ಲಿನ ಮ್ಯಾಲೆ ಚೆಲ್ಲಿದ್ರ ಗಟ್ಟಿ ಆಗದ ಹರೀತೈತೇನ್ರಿ?” ಎಂದಳು ಭಾಗ್ಯಾ, ಮುದುಕನ ಗಲ್ಲಕ್ಕೆ ಬಿಸಿ ಬಟ್ಟೆ ಒತ್ತುತ್ತ. “ಮುಚ್ಚಳಾ ತಗದಾಗ ಹೆಂಗಿತ್ತು ಅನ್ನೂದು ಪಂದ್ಯ. ತಗದಾವರು ಇಲ್ಲೇ ಕುಂತಾರ. ಅವರನ್ನ ಕೇಳ್ರಿ.”

“ಯಜ್ಜಾರ, ಪಾಕ ಗಟ್ಟಿ ಇತ್ತೇನ್ರಿ, ಬಿಸಿ ಇತ್ತೇನ್ರಿ?” ಎಂದು ಹನುಮೇಶ ನಿಜವಾಗಿಯೂ ಬಗ್ಗಿ ಕೇಳಿದ.

“ಊಂ!” ಎಂದ ಈರಪ್ಪ. ಅದು ಯಾರ ಪಕ್ಷದ ಮಾತೆಂದು ತಿಳಿಯಲಿಲ್ಲ.

ಭಾಗ್ಯಾ ನಳಿಗೆಯನ್ನು ತುಟಿಯ ಸಂದಿನಲ್ಲಿ ತೂರಿಸಿ, ಬೆಚ್ಚಗಿನ ನೀರು ಗುಟುಕು ಗುಟುಕಾಗಿ ಒಳಗೆ ಬಿಟ್ಟಳು. ಸಕ್ಕರೆ ಎಷ್ಟಾದರೂ ಸಕ್ಕರೆ, ಬಿಸಿನೀರಿಗೆ ಕರಗಲೇಬೇಕು. ಕಾಲು ತಾಸಿನ ಮೇಲೆ ಒಳಗೆ ಏನೋ ಲಟಕ್ಕೆಂದಿತು. ಅವಳು ಎರಡು ಬೆರಳು ಹಾಕಿ ಎಳೆದಳು. ಮೇಲಿನ ಸೆಟ್ಟು, ಕೆಳಗಿನ ಸೆಟ್ಟು, ನಡುವೆ ಜೋಳದ ರೊಟ್ಟಿ, ಮೂರೂ ಒಂದಾಗಿ ಹೊರಗೆ ಬಂದವು. ಈರಪ್ಪ ಬೊಚ್ಚುಬಾಯಿ ತೆರೆದು ಉಸಿರೆಳೆದುಕೊಂಡ. ಮನೆಯೆಲ್ಲ ಅವನ ಮೊದಲ ಮಾತಿಗೆ ಕಾದಿತ್ತು. ಎಲ್ಲರಿಗಿಂತ ಹೆಚ್ಚು ಭಾಗ್ಯಾ.

“ನಾಲಗಿ ಶುಟ್ಟು ಹೋತಲೇ!”

ಭಾಗ್ಯಾ ಗಂಡನ ಕಡೆ ನೋಡಿದಳು. ಹನುಮೇಶ ಚಪ್ಪರದ ಕಂಬ ನೋಡಿದ.

“ಅಷ್ಟ ಬಿಸಿ ಇತ್ತೇನ್ರಿ ಅಜ್ಜಾರ?” ಎಂದು ಅವಳು ಬೇಕೆಂದೇ ಇನ್ನೊಮ್ಮೆ ಕೇಳಿದಳು.

“ಕೆಂಡ ಇತ್ತವ್ವಾ ಕೆಂಡ,” ಎಂದ ಈರಪ್ಪ. ನಾಲಗೆಯನ್ನು ಒಸಡಿನ ಮೇಲೆ ಒಂದು ಸುತ್ತು ಆಡಿಸಿದ. “ಆದ್ರ ರುಚಿ ಇತ್ತು. ಇನ್ನಷ್ಟು ಐತೇನ?”

ಇರಲಿಲ್ಲ. ಅದೇ ಈಗ ಸಂಕಟ. ಐದು ಹೆಣ್ಣುಮಕ್ಕಳು ತೋಳೇರಿಸಿಕೊಂಡು ಕೂತಿದ್ದರು, ಗಂಡಿನವರ ಜೀಪು ಹಾದಿಯಲ್ಲಿತ್ತು, ಪಾಕ ಕಲ್ಲಿಗೆ ಅಂಟಿತ್ತು. ಭಾಗ್ಯಾ ಒಲೆ ಕೇಳಲಿಲ್ಲ. ಚೀಲದಿಂದ ಪಾತ್ರೆ ತೆಗೆದುಕೊಂಡು, “ಸಕ್ರಿ, ನಿಂಬಿಹಣ್ಣು ಕೊಡ್ರಿ ಅಕ್ಕಾರ, ಹಿತ್ತಲದಾಗ ಮೂರು ಕಲ್ಲ ಹೂಡ್ತೇನಿ,” ಎಂದು ಮಹಾನಂದಾಳಿಗೆ ಹೇಳಿ ನಡೆದಳು.

“ನಿಂದ್ರ ಅಲ್ಲೆ,” ಎಂದಳು ಶಿವಗಂಗವ್ವ.

ಆ ಮನೆಯ ಅಡುಗೆಕೋಣೆಗೆ ಸ್ನಾನ ಮಾಡದೆ ಸೊಸೆಯಂದಿರೂ ಕಾಲಿಡುವಂತಿರಲಿಲ್ಲ. ಶಿವಗಂಗವ್ವ ಭಾಗ್ಯಾಳನ್ನು ಮೇಲಿನಿಂದ ಕೆಳಗೆ ನೋಡಿದಳು.

“ಖರೇ ಹೇಳು. ಏನೇನು ಹಾಕಿ ಅದಕ್ಕ?”

“ಸಕ್ರಿ, ನಿಂಬಿಹಣ್ಣು, ನೀರ್ರಿ.”

“ಮತ್ತ?”

“ಮತ್ತೇನಿಲ್ರಿ.”

ಶಿವಗಂಗವ್ವ ಕೂತಲ್ಲೇ ವ್ಯವಹಾರ ತೂಗಿದಳು. ಅದು ಕೂದಲು ಕೀಳುವ ಹೊಲಸು ಎಂದಾದರೆ, ಪೂಜೆ ಮಾಡಿ ಎದ್ದ ಮನೆಯ ಯಜಮಾನ, ಅದೂ ಕಾರ್ಯದ ದಿನ, ಕೂದಲು ಕೀಳುವ ಹೊಲಸಿನಲ್ಲಿ ರೊಟ್ಟಿ ಅದ್ದಿಕೊಂಡು ತಿಂದ ಎಂದಾಗುತ್ತದೆ. ಸಂಜೆಯೊಳಗೆ ನವಲಗುಂದದ ತನಕ ಸುದ್ದಿ. ಅದು ಅಡುಗೆ ಎಂದಾದರೆ, ಯಜಮಾನ ಅಡುಗೆ ಉಂಡ, ಅಷ್ಟೆ. ಮನೆಯ ಮರ್ಯಾದೆ ಉಳಿಯಬೇಕಿದ್ದರೆ ಪಾಕ ಅಡುಗೆಯೇ ಆಗಬೇಕು. ಅಡುಗೆ ಬೇಯಬೇಕಾದದ್ದು ತಿಪ್ಪೆಯ ಬದಿಗಲ್ಲ.

“ಸಕ್ರಿ, ನಿಂಬಿಹಣ್ಣು, ನೀರು ಅಂದ್ರ ಅದು ಅಡಗಿನ,” ಎಂದು ಅವಳು ಎಲ್ಲರಿಗೂ ಕೇಳುವಂತೆ ಸಾರಿದಳು. “ಇವರು ಉಂಡಾರ, ಅರಗಿಸ್ಕೊಂಡಾರ. ಇವರ ಬಾಯಿಗೆ ಮೈಲಿಗಿ ಆಗಲಾರದ್ದು ನನ್ನ ಒಲಿಗೆ ಹೆಂಗ ಆಗತೈತಿ? ಬಾ ಒಳಗ. ದೊಡ್ಡ ಬರ್ನರಿನ ಮ್ಯಾಲೆ ಇಡು, ಲಗೂ ಆಗತೈತಿ.”

ಭಾಗ್ಯಾ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತಳು. ಆಮೇಲೆ ಒಳಗೆ ಹೋಗಿ ಗ್ಯಾಸು ಹಚ್ಚಿದಳು. ಪಾಕ ಕುದಿಯುವಾಗ ಶಿವಗಂಗವ್ವ ಬಗ್ಗಿ ನೋಡಿ, “ಯಾಲಕ್ಕಿ ಹಾಕಿದ್ರ ಇನ್ನ ಚಲೋ ಆಗತೈತಿ,” ಎಂದಳು. ಪಕ್ಕದ ಬರ್ನರಿನ ಮೇಲೆ ಈರಪ್ಪನ ಹಲ್ಲುಗಳು ಬಿಸಿನೀರಿನಲ್ಲಿ ಕೂತು ರೊಟ್ಟಿಯಿಂದ ಬಿಡುಗಡೆಯಾಗುತ್ತಿದ್ದವು.

ಗಂಡಿನವರು ಬಂದಾಗ ಐದೂ ಹೆಣ್ಣುಮಕ್ಕಳ ತೋಳು ಮಿಂಚುತ್ತಿದ್ದವು, ಹುಡುಗಿಯ ಎರಡೂ ಹುಬ್ಬು ಒಂದೇ ಎತ್ತರದಲ್ಲಿದ್ದವು, ಈರಪ್ಪನ ಹಲ್ಲು ಬಾಯಲ್ಲಿದ್ದವು. ಅವನು ಒಪ್ಪಿಗೆಯ ಮಾತನ್ನು ಸ್ಪಷ್ಟವಾಗಿಯೇ ಹೇಳಿದ. ಬೀಗರ ಹಿರಿಯ ಸಕ್ಕರೆ ಹಿಡಿದು ಬಾಯಿಯ ಹತ್ತಿರ ಕೈ ತಂದಾಗ ಮಾತ್ರ ಎರಡು ಹೆಜ್ಜೆ ಹಿಂದೆ ಸರಿದು, “ಥಣ್ಣಗ ಐತೇನ್ರಿ?” ಎಂದು ಕೇಳಿದ. ಬೀಗರು ಅದನ್ನು ಆ ಮನೆಯ ಪದ್ಧತಿ ಎಂದುಕೊಂಡು, “ಐತ್ರಿ,” ಎಂದರು.

ವಾಪಸು ಬರುವಾಗ ರಸ್ತಾ ರೋಕೋ ಮುಗಿದು ಜನ ಜಮಖಾನೆ ಸುತ್ತುತ್ತಿದ್ದರು. ಹಿರಿಯ ಹೆಣ್ಣುಮಗಳು ಸ್ಕೂಟಿ ಗುರುತು ಹಿಡಿದು ಓಡಿ ಬಂದಳು. ಹನುಮೇಶನ ತೊಡೆಯ ಮೇಲೆ ಬರಿಯ ಕಂಬಳಿ ಇತ್ತು.

“ಯಪ್ಪಾ, ಕೂಸೆಲ್ಲೈತಿ?”

ಪಂದ್ಯ ಸೋತು, ತೊಡೆ ಬೆಂದು, ಬೆಳಗಿನಿಂದ ಉಪ್ಪಿಟ್ಟು ಬಿಟ್ಟು ಬೇರೇನೂ ಕಾಣದ ಹನುಮೇಶನಿಗೆ ಸುಳ್ಳು ಹುಟ್ಟಲಿಲ್ಲ. “ಯಮನೂರಾಗ ಒಬ್ಬ ಮುದುಕ ತಿಂದ್ಬಿಟ್ಟಬೇ,” ಎಂದ.

ಅವಳು ಬಾಯಿ ಮುಚ್ಚುವುದರೊಳಗೆ ಭಾಗ್ಯಾ ಗಾಡಿ ಜೋರು ಮಾಡಿದಳು.

ಕಟ್ಟೆಯ ಮೇಲೆ ಲಕ್ಷ್ಮಪ್ಪ ಕಾಯುತ್ತಿದ್ದ. “ಏನಾತೋ? ಗಟ್ಟಿ ಆತಿಲ್ಲೋ?” ಹನುಮೇಶ, “ಬಿಸಿ ಇತ್ತೋ ಮಾರಾಯ,” ಎಂದವನೇ ಒಳಗೆ ಹೋಗಿ ಹಿಟ್ಟಿನ ಡಬ್ಬಿ ಎಲ್ಲಿದೆಯೆಂದು ಅವ್ವನನ್ನು ಕೇಳಿದ. ಅವತ್ತು ಅವನು ಬಡಿದ ರೊಟ್ಟಿಯಲ್ಲಿ ಒಂದೂ ದುಂಡಗಿರಲಿಲ್ಲ. ಕೆಂಚವ್ವ ಒಂದನ್ನು ಎತ್ತಿ ಹಿಡಿದು, “ಇದು ಯಾವ ತಾಲೂಕೋ?” ಎಂದಳು.

ಆಮೇಲೆ ಭಾಗ್ಯಾ ದೂರದ ಲೆಕ್ಕ ಬದಲಿಸಿದಳು. ಫೋನು ಬಂದರೆ ಊರು ಯಾವುದೆಂದು ಆಮೇಲೆ ಕೇಳುತ್ತಾಳೆ; ಮೊದಲು ಕೇಳುವುದು, “ಒಲಿ ಕೊಡ್ತೀರೇನ್ರಿ?” ಕೂದಲಿನ ಪಾಕಕ್ಕೆ ಒಲೆಯೇ ಎಂದು ಯಾರಾದರೂ ಮೂಗು ಮುರಿದರೆ, ಸಕ್ಕರೆ ನಿಂಬೆಹಣ್ಣು ನೀರು, ಯಮನೂರಿನ ಈರಪ್ಪಜ್ಜಾರು ರೊಟ್ಟಿ ಹಚ್ಚಿಕೊಂಡು ಉಂಡಿದ್ದಾರೆ, ಬೇಕಿದ್ದರೆ ಫೋನು ಮಾಡಿ ಕೇಳಿರಿ ಎನ್ನುತ್ತಾಳೆ. ಕೆಲವರು ಕೇಳಿದ್ದಾರೆ. ಈರಪ್ಪ ರುಚಿಯ ಬಗ್ಗೆ ಕಾಲು ತಾಸು ಮಾತಾಡುತ್ತಾನೆ.

ಹೋದ ತಿಂಗಳು ಅಳ್ನಾವರದಿಂದ ಕರೆ ಬಂತು. ಒಲೆ ಕೊಡುತ್ತೇವೆಂದರು. ಬೆಳಗ್ಗೆ ಭಾಗ್ಯಾ ಸ್ಕೂಟಿ ಹೊರಗೆ ತೆಗೆಯುತ್ತಿದ್ದಳು, ಹನುಮೇಶ ಒಳಗೆ ಹಿಟ್ಟು ನಾದುತ್ತಿದ್ದ. ಎದುರಿನ ಬಾಗಿಲಿನಿಂದ ರೇವವ್ವ ಕೂಗಿದಳು.

“ಏ ಭಾಗ್ಯಾ, ನಾಳೆ ನಮ್ಮ ತಂಗಿ ಮಗಳ ಲಗ್ನೈತಿ. ಕೈ ಅಷ್ಟ ಮಾಡಿ ಹೋಗ ಬಾರವಾ.”

“ಒಲಿ ಕೊಡ್ತೀರೇನ್ರಿ?”

“ಹಿತ್ತಲದಾಗ ಆ ಮೂರು ಕಲ್ಲ ಹಂಗ ಅದಾವಲ್ಲ.”

ಭಾಗ್ಯಾ ತನ್ನ ಬಾಗಿಲಿನಿಂದ ರೇವವ್ವನ ಬಾಗಿಲ ತನಕ ಕಣ್ಣಲ್ಲೇ ಅಳೆದಳು. ಮೂವತ್ತು ಹೆಜ್ಜೆ ಇದ್ದೀತು.

“ಭಾಳ ದೂರ ಆತ್ರಿ ಅಕ್ಕಾರ,” ಎಂದು ಗಾಡಿಗೆ ಒದ್ದಳು.

ಕಟ್ಟೆಯ ಮೇಲಿದ್ದ ಲಕ್ಷ್ಮಪ್ಪ ಹೆಂಡತಿಯ ಮುಖ ನೋಡಿದ, ಸ್ಕೂಟಿಯ ಹೊಗೆ ನೋಡಿದ. ಕೆಂಚವ್ವ ಅಂಗಳದಲ್ಲಿ, ಡಬ್ಬಿಗೆ ಈಗ ಬೇಡವಾದ ತನ್ನ ಕಂಬಳಿ ಒದರುತ್ತ ಕೂತಿದ್ದಳು. ಸಕ್ಕರೆಯ ವಾಸನೆಗೆ ಅದರ ತುಂಬ ಇರುವೆ ಹತ್ತಿದ್ದವು.